ಆರು ತಿಂಗಳ ವ್ಯಾಕರಣ

ವ್ಯಾಕರಣಕ್ಕೆ ಹನ್ನೆರಡು ವರ್ಷವೆಂಬ ಮಾತು ಸಂಸ್ಕೃತ ಪಾಠಶಾಲೆಗಳಲ್ಲಿ ತಲೆತಲಾಂತರದಿಂದ ನಡೆದುಬಂದುದು. ಇದಕ್ಕೆ ಎದುರಾಗಿ ಇನ್ನೊಂದು ಮಾತೂ ಹಳೆಯ ಗ್ರಂಥಗಳಲ್ಲಿ ಅಷ್ಟೇ ದೃಢವಾಗಿ ಕೇಳಿಬರುವುದು. ಅದು ಆರು ತಿಂಗಳೆಂಬುದು. ಪಂಚತಂತ್ರದ ಪೀಠಿಕೆಯಲ್ಲಿ, ದಡ್ಡರಾದ ಮೂವರು ರಾಜಕುಮಾರರ ಚಿಂತೆಯಿಂದ ಅಮರಶಕ್ತಿರಾಜನು ಕೊರಗುತ್ತಿರುವಾಗ, ವ್ಯಾಕರಣವೊಂದಕ್ಕೇ ಹನ್ನೆರಡು ವರ್ಷಗಳು ಬೇಕಾಗುವುವೆಂಬ ಮಾತು ಸಭೆಯಲ್ಲಿ ಬರುತ್ತದೆ. ಆಗ ಎಂಬತ್ತು ವರ್ಷದ ವೃದ್ಧನಾದ ವಿಷ್ಣುಶರ್ಮನು ಎದ್ದು, ಆರೇ ತಿಂಗಳಲ್ಲಿ ಇವರನ್ನು ನೀತಿಶಾಸ್ತ್ರದಲ್ಲಿ ನಿಪುಣರನ್ನಾಗಿ ಮಾಡುವೆನೆಂದು ಪ್ರತಿಜ್ಞೆ ಮಾಡುತ್ತಾನೆ. ಒಂದು ಕಡೆ ಹನ್ನೆರಡು ವರ್ಷ, ಇನ್ನೊಂದು ಕಡೆ ಆರು ತಿಂಗಳು. ಇವೆರಡರ ನಡುವಣ ವಿವಾದವು ಕೇವಲ ಕಥೆಗಾರರ ಚಮತ್ಕಾರವಲ್ಲ. ವಿದ್ಯೆಯೆಂದರೆ ಏನು, ಅದು ಯಾರಿಗಾಗಿ ಇರುವುದು ಎಂಬ ಪ್ರಶ್ನೆಯೇ ಅದರ ತಿರುಳು. ಈ ವಿವಾದವು ಅತ್ಯಂತ ತೀವ್ರವಾಗಿ ಕಾಣಿಸಿಕೊಂಡುದು ಸಾತವಾಹನ ರಾಜನ ಆಸ್ಥಾನದಲ್ಲಿ, ಗುಣಾಢ್ಯ ಶರ್ವವರ್ಮರ ನಡುವೆ.

ಕಥೆಯು ಬಹುಜನರಿಗೆ ತಿಳಿದಿರುವುದೇ. ಕಾಶ್ಮೀರದ ಸೋಮದೇವನು ೧೧ನೆಯ ಶತಮಾನದಲ್ಲಿ, ಅನಂತರಾಜನ ರಾಣಿಯಾದ ಸೂರ್ಯಮತಿಯ ಮನಸ್ಸಂತೋಷಕ್ಕಾಗಿ ರಚಿಸಿದ ಕಥಾಸರಿತ್ಸಾಗರದ ಮೊದಲನೆಯ ಲಂಬಕದಲ್ಲಿ ಇದು ವಿಸ್ತಾರವಾಗಿ ಬಂದಿದೆ. ವಸಂತಕಾಲದಲ್ಲಿ ಸಾತವಾಹನನು ಉದ್ಯಾನದ ಬಾವಿಯಲ್ಲಿ ರಾಣಿಯರೊಡನೆ ನೀರಾಟವಾಡುತ್ತಿದ್ದನು. ಅರಸನು ಎರಚಿದ ನೀರಿನಿಂದ ಬಳಲಿದ ಒಬ್ಬ ರಾಣಿಯು 'ಮೋದಕೈಃ' ಎಂದು ಆರಂಭಿಸಿ ಒಂದು ಮಾತನ್ನಾಡಿದಳು. ಅವಳ ಮನಸ್ಸಿನಲ್ಲಿದ್ದುದು 'ಮಾ' 'ಉದಕೈಃ' ಎಂಬ ಎರಡು ಪದಗಳು. ನೀರಿನಿಂದ ಹೊಡೆಯಬೇಡ ಎಂಬುದು ಅವುಗಳ ಅರ್ಥ. ಅರಸನಿಗೆ ಕೇಳಿಸಿದುದು ಮೋದಕವೆಂಬ ಒಂದೇ ಪದ. ಆತನು ಒಡನೆಯೇ ಸೇವಕರನ್ನು ಕರೆದು ಹರಿವಾಣಗಟ್ಟಲೆ ಮೋದಕಗಳನ್ನು ತರಿಸಿದನು. ರಾಣಿಯು ನಕ್ಕು, ನೀರಿನ ನಡುವೆ ಕಡುಬಿಗೆ ಏನು ಪ್ರಸಂಗ, ಸಂಧಿಯನ್ನೂ ಅರಿಯದೆ ಸಂದರ್ಭವನ್ನೂ ಅರಿಯದೆ ಇರುವಷ್ಟು ಮೂಢನಾದೆಯಲ್ಲ ಎಂದು ಆಡಿಬಿಟ್ಟಳು. ಸುತ್ತಲಿದ್ದ ಪರಿವಾರದವರೂ ನಕ್ಕರು.

ಆ ನಗೆಯು ಅರಸನ ಎದೆಗೆ ನಾಟಿತು. ಆತನು ನೀರಾಟವನ್ನು ಅಲ್ಲಿಯೇ ಬಿಟ್ಟು ಅರಮನೆಗೆ ಬಂದು, ಊಟ ಬಿಟ್ಟು ಮಾತು ಬಿಟ್ಟು ಹಾಸಿಗೆ ಹಿಡಿದನು. ಪಾಂಡಿತ್ಯವಾದರೂ ದೊರೆಯಬೇಕು, ಇಲ್ಲವೆ ಮರಣವಾದರೂ ಬರಬೇಕೆಂಬುದೇ ಆತನ ಸಂಕಲ್ಪ. ಮಂತ್ರಿಗಳಾದ ಗುಣಾಢ್ಯನೂ ಶರ್ವವರ್ಮನೂ ಬಂದು ವಿಚಾರಿಸಿದಾಗ, ಒಬ್ಬ ಮನುಷ್ಯನು ಪ್ರಯತ್ನಪಟ್ಟು ಕಲಿತರೆ ಎಷ್ಟು ಕಾಲದಲ್ಲಿ ಪಂಡಿತನಾಗಬಹುದೆಂದು ಕೇಳಿದನು. ಗುಣಾಢ್ಯನು, ವ್ಯಾಕರಣವು ಸಕಲ ವಿದ್ಯೆಗಳಿಗೂ ಮುಖವಾದುದು, ಎಲ್ಲರಿಗೂ ಅದಕ್ಕೆ ಹನ್ನೆರಡು ವರ್ಷಗಳು ಹಿಡಿಯುವುವು, ನಾನಾದರೋ ಆರು ವರ್ಷಗಳಲ್ಲಿ ಕಲಿಸುವೆನು ಎಂದನು. ಸುಖದಲ್ಲಿ ಬೆಳೆದವನು ಅಷ್ಟು ಕಾಲ ಹೇಗೆ ಕಷ್ಟಪಡುವನು, ಆರು ತಿಂಗಳಲ್ಲಿಯೇ ಕಲಿಸುವೆನು ಎಂದು ಶರ್ವವರ್ಮನು ನಡುವೆ ನುಡಿದನು. ಗುಣಾಢ್ಯನಿಗೆ ಕೋಪವುಕ್ಕಿತು. ಹಾಗೆ ನಡೆದರೆ ಸಂಸ್ಕೃತ, ಪ್ರಾಕೃತ, ದೇಶಭಾಷೆ ಈ ಮೂರನ್ನೂ ಬಿಟ್ಟುಬಿಡುವೆನೆಂದು ಆತನು ಪಣ ತೊಟ್ಟನು. ನಡೆಯದಿದ್ದರೆ ನಿನ್ನ ಪಾದರಕ್ಷೆಗಳನ್ನು ಹನ್ನೆರಡು ವರ್ಷ ತಲೆಯ ಮೇಲೆ ಹೊರುವೆನೆಂದು ಶರ್ವವರ್ಮನು ಉತ್ತರ ಕೊಟ್ಟನು.

ಆಡಿದ ಮೇಲೆ ಶರ್ವವರ್ಮನಿಗೆ ಭಯವಾಯಿತು. ಹೆಂಡತಿಯ ಮಾತಿನಂತೆ ಉಪವಾಸದಿಂದ ಕುಮಾರಸ್ವಾಮಿಯನ್ನು ಆರಾಧಿಸಿದನು. ದೇವರು ಪ್ರತ್ಯಕ್ಷನಾಗಿ ಹೊಸ ವ್ಯಾಕರಣದ ಮೊದಲನೆಯ ಸೂತ್ರವನ್ನು ಉಚ್ಚರಿಸಿದನು. ಶರ್ವವರ್ಮನು ಚಪಲದಿಂದ ಎರಡನೆಯದನ್ನು ತಾನೇ ಹೇಳಿಬಿಟ್ಟನು. ನೀನು ಹೀಗೆ ಬಾಯಿ ಹಾಕದಿದ್ದರೆ ಈ ಶಾಸ್ತ್ರವು ಪಾಣಿನೀಯವನ್ನೂ ಮೀರಿಸುತ್ತಿತ್ತು. ಇನ್ನು ಇದು ಚಿಕ್ಕದಾದುದರಿಂದ ಕಾತಂತ್ರವೆಂದೂ, ನನ್ನ ವಾಹನವಾದ ನವಿಲಿನ ಕಲಾಪದಿಂದ ಕಾಲಾಪಕವೆಂದೂ ಹೆಸರಾಗುವುದು ಎಂದು ದೇವರು ನುಡಿದನು. ಅರಸನು ಪಂಡಿತನಾದನು. ಶರ್ವವರ್ಮನಿಗೆ ನರ್ಮದಾತೀರದ ಭರುಕಚ್ಛದ ಆಧಿಪತ್ಯವು ದೊರೆಯಿತು. ಗುಣಾಢ್ಯನು ಮೌನವನ್ನು ತಾಳಿ ಊರು ಬಿಟ್ಟನು.

ಈ ಕಥೆಯನ್ನು ಅಕ್ಷರಶಃ ಇತಿಹಾಸವೆಂದು ಹಿಡಿಯಲಾಗದು. ಸೋಮದೇವನಿಗೂ ಸಾತವಾಹನರಿಗೂ ನಡುವೆ ಎಂಟು ಶತಮಾನಗಳಿಗೂ ಹೆಚ್ಚಿನ ಅಂತರವಿದೆ. ಕಥೆಯ ಅರಸನು ಆ ವಂಶದಲ್ಲಿ ಯಾವನೆಂಬುದೂ ನಿಶ್ಚಯವಿಲ್ಲ. ಆದರೆ ಕಥೆಯ ಹಿನ್ನೆಲೆಯಾದ ಭಾಷಾಸ್ಥಿತಿಯು ಕಲ್ಪಿತವಲ್ಲವೆಂಬುದಕ್ಕೆ ಶಾಸನಗಳೇ ಸಾಕ್ಷಿ. ಪ್ರತಿಷ್ಠಾನದಲ್ಲಿ ಆಳಿದ ಸಾತವಾಹನರ ಆಸ್ಥಾನಭಾಷೆ ಪ್ರಾಕೃತ. ನಾನಾಘಾಟ್, ನಾಸಿಕಗಳ ಗುಹಾಶಾಸನಗಳು ಪ್ರಾಕೃತದಲ್ಲಿವೆ. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಮತ್ತು ಸಾತವಾಹನ ಅರಸರ ಶಿಲ್ಪಗಳ ಕೆಳಗೆ ಕೆತ್ತಿರುವ ಹೆಸರುಗಳೂ ಪ್ರಾಕೃತವೇ. ಗಾಥಾಸಪ್ತಶತಿಯೆಂಬ ಪ್ರಾಕೃತ ಸಂಕಲನವು ಈ ವಂಶದ ಹಾಲನ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ. ಕುಂತಲದಲ್ಲಿ ಸಾತವಾಹನನೆಂಬ ಅರಸನು ತನ್ನ ಅಂತಃಪುರದಲ್ಲಿ ಪ್ರಾಕೃತವನ್ನೇ ಆಡಬೇಕೆಂದು ನಿಯಮ ಮಾಡಿದ್ದನೆಂದು ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಹೇಳಿರುವನು. ಇಂತಹ ಮನೆತನದ ಅರಸನಿಗೆ ಸಂಸ್ಕೃತದ ಒಂದು ಸಂಧಿ ತಿಳಿಯದೆ ಹೋದುದು ಆಶ್ಚರ್ಯವಲ್ಲ.

ಅರಸನು ಅದಕ್ಕಾಗಿ ನಾಚಿದುದೂ ಅಕಾರಣವಲ್ಲ. ಕ್ರಿ. ಶ. ೧೫೦ರಲ್ಲಿ ನೆರೆಯ ರಾಜ್ಯದ ಮಹಾಕ್ಷತ್ರಪ ರುದ್ರದಾಮನು ಜುನಾಗಢದ ಬಂಡೆಯ ಮೇಲೆ ದೀರ್ಘವಾದ ಸಂಸ್ಕೃತ ಗದ್ಯಶಾಸನವೊಂದನ್ನು ಕೆತ್ತಿಸಿದನು. ದಕ್ಷಿಣಾಪಥಪತಿಯಾದ ಸಾತಕರ್ಣಿಯನ್ನು ಎರಡು ಬಾರಿ ಗೆದ್ದರೂ ಹತ್ತಿರದ ಸಂಬಂಧವಿದ್ದುದರಿಂದ ನಾಶಮಾಡಲಿಲ್ಲವೆಂದು ಅದರಲ್ಲಿ ಹೇಳಿದೆ. ಶಬ್ದವಿದ್ಯೆ ಮೊದಲಾದ ವಿದ್ಯೆಗಳಲ್ಲಿ ರುದ್ರದಾಮನು ಪಡೆದ ಕೀರ್ತಿಯನ್ನೂ ಹೊಗಳಿದೆ. ರಣರಂಗದಲ್ಲಿ ಗೆದ್ದವನು ವ್ಯಾಕರಣಜ್ಞಾನವನ್ನೂ ಬಿರುದಿನಂತೆ ಮೆರೆಸುವ ಕಾಲವದು. ಇನ್ನೊಂದು ಶಾಸನವು ಇದಕ್ಕಿಂತಲೂ ಕುತೂಹಲಕರವಾಗಿದೆ. ಮುಂಬಯಿಯ ಬಳಿಯ ಕಾನ್ಹೇರಿ ಗುಹೆಗಳಲ್ಲಿ, ವಾಸಿಷ್ಠೀಪುತ್ರ ಸಾತಕರ್ಣಿಯ ರಾಣಿಯು ಕಾರ್ದಮಕ ರಾಜವಂಶದವಳೆಂದೂ ಮಹಾಕ್ಷತ್ರಪನ ಮಗಳೆಂದೂ ತಿಳಿಸುವ ಶಾಸನವು ಸಂಸ್ಕೃತದಲ್ಲಿದೆ. ಪ್ರಾಕೃತವನ್ನಾಡುವ ಅರಸನ ಮನೆಗೆ ಸಂಸ್ಕೃತಾಭಿಮಾನಿಗಳ ಮನೆಯಿಂದ ಬಂದ ಸೊಸೆ! ಮೋದಕದ ಕಥೆಯು ಇವಳನ್ನೇ ಕುರಿತುದೆಂದು ಹೇಳಲು ಆಧಾರವಿಲ್ಲ. ಆದರೆ ಅಂತಹ ನಗೆಯು ಕೇಳಿಬರಬಹುದಾದ ಮನೆಯೊಂದು ನಿಜವಾಗಿಯೇ ಇದ್ದಿತೆಂಬುದಕ್ಕೆ ಈ ಕಲ್ಲು ಸಾಕ್ಷಿಯಾಗಿದೆ.

ಇನ್ನು ಪ್ರಶ್ನೆ ಉಳಿಯುವುದು ಪಣದ ವಿಷಯದಲ್ಲಿ. ವ್ಯಾಕರಣವನ್ನು ಆರು ತಿಂಗಳಿಗೆ ಇಳಿಸುವುದು ದೈವಕೃಪೆಯಿಲ್ಲದೆ ಸಾಧ್ಯವೆ? ಇದಕ್ಕೆ ಉತ್ತರವು ಕಾತಂತ್ರದ ಪುಟಗಳಲ್ಲಿಯೇ ಇದೆ. ಈ ಗ್ರಂಥವು ಕಥೆಯಲ್ಲಿ ಮಾತ್ರ ಇರುವುದಲ್ಲ. ದುರ್ಗಸಿಂಹನ ವೃತ್ತಿಯೊಡನೆ ಜೂಲಿಯಸ್ ಎಗ್ಗೆಲಿಂಗ್ ಎಂಬ ವಿದ್ವಾಂಸನು ಸಂಪಾದಿಸಿ, ಅದು ಕಲ್ಕತ್ತೆಯಲ್ಲಿ ೧೮೭೪ರಿಂದ ೧೮೭೮ರವರೆಗೆ ಅಚ್ಚಾಯಿತು. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಸುಮಾರು ೪೦೦೦ ಸೂತ್ರಗಳಿದ್ದರೆ, ಶರ್ವವರ್ಮನದೆಂದು ಹೇಳುವ ಭಾಗದಲ್ಲಿ ಇರುವುವು ಸುಮಾರು ೮೫೦. ವೈದಿಕ ಪ್ರಯೋಗಗಳನ್ನು ಕುರಿತ ನಿಯಮಗಳನ್ನು ಆತನು ಬಿಟ್ಟುಬಿಟ್ಟಿರುವನು. ಸಂಧಿ, ನಾಮ, ಆಖ್ಯಾತ ಎಂದು ವಿಷಯಕ್ರಮದಿಂದ ಪ್ರಕರಣಗಳನ್ನು ಹೂಡಿರುವನು.

ಆದರೆ ಸೂತ್ರಗಳ ಸಂಖ್ಯೆಯು ಕಡಿಮೆಯಾದುದರಲ್ಲಿಯೇ ಕಾತಂತ್ರದ ಮರ್ಮವಿದೆಯೆಂದು ತಿಳಿಯಬಾರದು. ಅರಸನು ತಪ್ಪಿದ ಸಂಧಿಯನ್ನೇ ತೆಗೆದುಕೊಂಡು ನೋಡಬಹುದು. 'ಮಾ' ಎಂಬುದರ ಆಕಾರವೂ 'ಉದಕ' ಎಂಬುದರ ಉಕಾರವೂ ಸೇರಿ ಓಕಾರವಾಗುವುದಕ್ಕೆ ಪಾಣಿನಿಯಲ್ಲಿ ಒಂದು ಅತಿ ಚಿಕ್ಕ ಸೂತ್ರವಿದೆ. ಅವರ್ಣದ ಮುಂದೆ ಸ್ವರ ಬಂದರೆ ಗುಣವಾಗುವುದೆಂಬುದು ಅದರ ತಾತ್ಪರ್ಯ. ಸೂತ್ರವಿರುವುದು ಆರನೆಯ ಅಧ್ಯಾಯದಲ್ಲಿ. ಗುಣವೆಂದರೇನೆಂಬುದು ಮೊದಲನೆಯ ಅಧ್ಯಾಯದ ಎರಡನೆಯ ಸೂತ್ರದಲ್ಲಿ. ಆ ಸೂತ್ರದಲ್ಲಿ ಬರುವ ಸಂಕೇತವನ್ನು ಬಿಡಿಸಬೇಕಾದರೆ ಹದಿನಾಲ್ಕು ಮಾಹೇಶ್ವರ ಸೂತ್ರಗಳು ಕಂಠಸ್ಥವಾಗಿರಬೇಕು. ಎರಡು ವರ್ಣಗಳ ಸ್ಥಾನದಲ್ಲಿ ಒಂದೇ ವರ್ಣ ಬರುವುದೆಂಬ ಅಧಿಕಾರವನ್ನು ಹಿಂದಿನ ಸೂತ್ರದಿಂದ ಎಳೆದು ತರಬೇಕು. ಅ, ಏ, ಓ ಎಂಬ ಮೂರು ಗುಣವರ್ಣಗಳಲ್ಲಿ ಇಲ್ಲಿ ಓಕಾರವೇ ಏಕೆ ಬರುವುದೆಂಬುದನ್ನು ಮತ್ತೆ ಮೊದಲನೆಯ ಅಧ್ಯಾಯದ ಪರಿಭಾಷೆಯಿಂದ ನಿರ್ಣಯಿಸಬೇಕು. ಗ್ರಂಥವೆಲ್ಲವೂ ಬಾಯಿಗೆ ಬಂದಿರುವ ಬಾಲಕನಿಗೆ ಇದು ಕ್ಷಣದ ಕೆಲಸ. ಬಾಯಿಪಾಠವಿಲ್ಲದವನಿಗೆ ದಾರಿಯೇ ಇಲ್ಲ.

ಶರ್ವವರ್ಮನು ಇಲ್ಲಿ ಮಾಡಿದುದೇನು? ಪ್ರತ್ಯಾಹಾರಗಳೆಂಬ ಸಂಕೇತಗಳನ್ನು ಬಿಟ್ಟು, ಸ್ವರ, ವ್ಯಂಜನ, ವರ್ಗ, ಘೋಷವತ್ ಎಂಬ ಅರ್ಥವತ್ತಾದ ಹೆಸರುಗಳನ್ನೇ ಬಳಸಿದನು. ವರ್ಣಮಾಲೆಯು ಲೋಕದಲ್ಲಿ ಪ್ರಸಿದ್ಧವಾಗಿರುವಂತೆಯೇ ಇರಲೆಂಬುದು ಆತನ ಮೊದಲನೆಯ ಸೂತ್ರದ ಅಭಿಪ್ರಾಯ. ಕಲಿಯುವವನಿಗೆ ಆಗಲೇ ತಿಳಿದಿರುವುದರಿಂದ ಆರಂಭಿಸುವುದೆಂದು ಇದರ ಅರ್ಥ. ಅನಂತರ ಸ್ವರಸಂಧಿಯ ಪ್ರಾರಂಭದಲ್ಲಿಯೇ, ಅವರ್ಣದ ಮುಂದೆ ಇವರ್ಣ ಬಂದರೆ ಏಕಾರ, ಉವರ್ಣ ಬಂದರೆ ಓಕಾರ, ಹೀಗೆ ಒಂದೊಂದಕ್ಕೆ ಒಂದೊಂದು ಸೂತ್ರವನ್ನು ಹೇಳಿದನು. ಪಾಣಿನಿಯು ಒಂದರಲ್ಲಿ ಅಡಗಿಸಿದುದನ್ನು ಈತನು ನಾಲ್ಕಾಗಿ ಬಿಡಿಸಿರುವನು. ಆದುದರಿಂದ ಈ ಸಂಕ್ಷೇಪವು ಅಕ್ಷರಗಳ ಸಂಕ್ಷೇಪವಲ್ಲ, ಶ್ರಮದ ಸಂಕ್ಷೇಪ. ಪಾಣಿನಿಯ ಸೂತ್ರವು ನೆನಪಿನಲ್ಲಿಡುವವನಿಗೆ ಲಘು. ಶರ್ವವರ್ಮನ ಸೂತ್ರವು ತಿಳಿದುಕೊಳ್ಳುವವನಿಗೆ ಲಘು. ಕ್ರಿಯಾಪದಗಳಲ್ಲಿಯೂ ಲಟ್, ಲಿಟ್ ಎಂಬ ಸಂಕೇತಗಳ ಬದಲು ವರ್ತಮಾನಾ, ಪರೋಕ್ಷಾ, ಭವಿಷ್ಯಂತೀ ಎಂಬ ಅನ್ವರ್ಥ ನಾಮಗಳನ್ನು ಇಟ್ಟಿರುವುದು ಇದೇ ಉದ್ದೇಶದಿಂದ. ಅರಸನಿಗೆ ನಗೆಪಾಟಲಾದ ಆ ಸಂಧಿಯು ಪಾಠದ ಮೊದಲ ದಿನಗಳಲ್ಲಿಯೇ ಆತನ ಕೈಗೆ ಬಂದಿರಬೇಕು. ಬೆಳೆದ ಮನುಷ್ಯನ ನಾಚಿಕೆಗೆ ಇದಕ್ಕಿಂತ ಒಳ್ಳೆಯ ಔಷಧವಿಲ್ಲ.

ಇಂತಹ ಗ್ರಂಥವು ಯಾರಿಗಾಗಿ ಎಂಬುದನ್ನು ಆ ಸಂಪ್ರದಾಯದವರು ಮರೆಮಾಚಲಿಲ್ಲ. ವೇದಪಾಠದಲ್ಲಿ ಮುಳುಗಿದವರು, ಅಲ್ಪಬುದ್ಧಿಯವರು, ಬೇರೆ ಶಾಸ್ತ್ರಗಳಲ್ಲಿ ತೊಡಗಿದವರು, ಪ್ರಭುಗಳು, ರೋಗಿಗಳು, ಸೋಮಾರಿಗಳು, ವರ್ತಕರು, ಬೆಳೆ ತೆಗೆಯುವವರು, ಸಂಸಾರದ ವ್ಯವಹಾರಗಳಲ್ಲಿ ಸಿಕ್ಕಿಕೊಂಡವರು ಇವರೆಲ್ಲರಿಗೂ ಬೇಗನೆ ತಿಳಿವಳಿಕೆ ಉಂಟಾಗಲೆಂದು ಕಲಾಪವು ಹುಟ್ಟಿತೆಂದು ಒಬ್ಬ ವ್ಯಾಖ್ಯಾನಕಾರನು ಪಟ್ಟಿಯನ್ನೇ ಕೊಟ್ಟಿರುವನು. ಪಂಡಿತರು ಇದನ್ನು ಓದಿ ನಗಬಹುದು. ಆದರೆ ಈ ಪಟ್ಟಿಯಲ್ಲಿ ಸೇರದೆ ಉಳಿಯುವವರು ಎಷ್ಟು ಮಂದಿ? ಎಂಟನೆಯ ವಯಸ್ಸಿನಿಂದ ಬೇರೇನೂ ಕೆಲಸವಿಲ್ಲದೆ ಗುರುಗಳ ಬಳಿ ಕುಳಿತಿರುವ ಕೆಲವರನ್ನು ಬಿಟ್ಟರೆ ಲೋಕವೆಲ್ಲವೂ ಅದರಲ್ಲಿ ಬಂದುಹೋಯಿತು.

ಗುಣಾಢ್ಯನ ಹನ್ನೆರಡು ವರ್ಷಗಳ ಲೆಕ್ಕವು ಬರಿಯ ಹೆದರಿಕೆಯ ಮಾತಾಗಿತ್ತೆ? ಅದೂ ಅಲ್ಲ. ೭ನೆಯ ಶತಮಾನದಲ್ಲಿ ಬಂದ ಚೀನದ ಯಾತ್ರಿಕ ಇತ್ಸಿಂಗನು ಇಲ್ಲಿನ ವ್ಯಾಕರಣಪಾಠದ ಕ್ರಮವನ್ನು ತನ್ನ ವೃತ್ತಾಂತದಲ್ಲಿ ವಿವರವಾಗಿ ಬರೆದಿಟ್ಟಿರುವನು. ಆರನೆಯ ವಯಸ್ಸಿನಲ್ಲಿ 'ಸಿದ್ಧಂ' ಎಂಬ ಅಕ್ಷರಪಾಠ. ಅದಕ್ಕೆ ಆರು ತಿಂಗಳು. ಕನ್ನಡದ ಮಕ್ಕಳು ಮರಳಿನ ಮೇಲೆ ಬರೆಯುತ್ತಿದ್ದ 'ಓನಾಮ'ಕ್ಕೂ ಮೂಲವು ಈ 'ಸಿದ್ಧಂ' ಎಂಬ ನಮಸ್ಕಾರವೇ. ಎಂಟನೆಯ ವಯಸ್ಸಿನಲ್ಲಿ ಪಾಣಿನಿಯ ಸೂತ್ರಪಾಠ. ಅದಕ್ಕೆ ಎಂಟು ತಿಂಗಳು. ಹತ್ತನೆಯ ವಯಸ್ಸಿನಿಂದ ಖಿಲಪಾಠಗಳು. ಅವಕ್ಕೆ ಮೂರು ವರ್ಷಗಳು. ಹದಿನೈದನೆಯ ವಯಸ್ಸಿನಿಂದ ಸೂತ್ರಗಳ ವೃತ್ತಿ; ಅದಕ್ಕೆ ಐದು ವರ್ಷಗಳು. ಎಂಟರಲ್ಲಿ ಸೂತ್ರವನ್ನು ಹಿಡಿದ ಹುಡುಗನು ವೃತ್ತಿಯನ್ನು ಮುಗಿಸುವಾಗ ಇಪ್ಪತ್ತು ವರ್ಷದವನಾಗಿರುವನು. ಲೆಕ್ಕ ಹಾಕಿದರೆ ಸರಿಯಾಗಿ ಹನ್ನೆರಡು ವರ್ಷಗಳೇ ಆಗುವುವು. ಪತಂಜಲಿಯ ಮಹಾಭಾಷ್ಯವು ಇದರ ಮೇಲೆ ಮತ್ತೆ ಮೂರು ವರ್ಷ.

ಆದರೆ ಇದೇ ಇತ್ಸಿಂಗನು ತಾನು ಕಲಿತ ಕ್ರಮವೇ ಬೇರೆ. ಆತನು ೬೭೧ರಲ್ಲಿ, ಮೂವತ್ತೈದು ದಾಟಿದ ವಯಸ್ಸಿನಲ್ಲಿ, ದಕ್ಷಿಣ ಚೀನದಿಂದ ಹಡಗು ಹತ್ತಿ ಸುಮಾತ್ರಾ ದ್ವೀಪದ ಶ್ರೀವಿಜಯಕ್ಕೆ ಬಂದನು. ಅಲ್ಲಿ ಆರು ತಿಂಗಳು ನಿಂತು ಶಬ್ದವಿದ್ಯೆಯನ್ನು ಅಭ್ಯಾಸಮಾಡಿದನು. ೬೭೩ರಲ್ಲಿ ವಂಗದೇಶದ ತಾಮ್ರಲಿಪ್ತಿಗೆ ಬಂದು, ಅಲ್ಲಿ ಮತ್ತೆ ಒಂದು ವರ್ಷ ಸಂಸ್ಕೃತವನ್ನು ಕಲಿತನು. ಅನಂತರ ನಾಳಂದದಲ್ಲಿ ಸುಮಾರು ಹತ್ತು ವರ್ಷಗಳನ್ನು ಕಳೆದನು. ಸ್ವದೇಶಕ್ಕೆ ಹಿಂದಿರುಗಿದುದು ೬೯೫ರಲ್ಲಿ. ಅಲ್ಲಿಂದ ೭೧೩ರಲ್ಲಿ ಮರಣ ಹೊಂದುವವರೆಗೂ ಸಂಸ್ಕೃತ ಗ್ರಂಥಗಳನ್ನು ಚೀನೀ ಭಾಷೆಗೆ ಪರಿವರ್ತಿಸುತ್ತಲೇ ಇದ್ದನು. ಭಾರತಕ್ಕೆ ಹೋಗಬಯಸುವ ಚೀನದ ಭಿಕ್ಷುಗಳು ಮೊದಲು ಶ್ರೀವಿಜಯದಲ್ಲಿ ಒಂದೆರಡು ವರ್ಷ ಅಭ್ಯಾಸಮಾಡಿ ಮುಂದೆ ಹೋಗುವುದು ಒಳ್ಳೆಯದೆಂದೂ ಆತನು ಸಲಹೆ ಕೊಟ್ಟಿರುವನು.

ಗುಣಾಢ್ಯ ಶರ್ವವರ್ಮರ ವಿವಾದಕ್ಕೆ ನಿರ್ಣಯವು ಈ ಒಬ್ಬ ಪರದೇಶಿಯ ಬಾಳಿನಲ್ಲಿಯೇ ಕಾಣುತ್ತದೆ. ಆರು ತಿಂಗಳಲ್ಲಿ ಬಂದುದು ಹೊಸ್ತಿಲು. ಅದನ್ನು ದಾಟದಿದ್ದರೆ ಒಳಗಿನ ಹತ್ತು ವರ್ಷಗಳು ಇರುತ್ತಲೇ ಇರಲಿಲ್ಲ. ಹೊಸ್ತಿಲೇ ಮನೆಯೆಂದು ಅಲ್ಲಿಯೇ ಕುಳಿತಿದ್ದರೆ ಅಷ್ಟು ಗ್ರಂಥಗಳ ಪರಿವರ್ತನೆಯು ಆಗುತ್ತಿರಲಿಲ್ಲ. ಹುಡುಗನಿಗೆ ಹನ್ನೆರಡು ವರ್ಷಗಳ ದಾರಿ ಸಲ್ಲುವುದು, ಏಕೆಂದರೆ ಆತನಲ್ಲಿ ನೆನಪೂ ಕಾಲವೂ ಹೇರಳವಾಗಿವೆ. ಬೆಳೆದವನಲ್ಲಿ ಅವೆರಡೂ ಕಡಿಮೆ; ಆದರೆ ಇದು ತನಗೆ ಏತಕ್ಕೆ ಬೇಕೆಂಬುದು ಆತನಿಗೆ ತಿಳಿದಿರುವುದು. ಅರಸನಿಗೆ ಅವಮಾನವು ಆ ಅಗತ್ಯವನ್ನು ಕಲಿಸಿತು, ಭಿಕ್ಷುವಿಗೆ ಶ್ರದ್ಧೆಯು ಕಲಿಸಿತು.

ಕಾತಂತ್ರದ ಮುಂದಿನ ಚರಿತ್ರೆಯೂ ಇದನ್ನೇ ಹೇಳುವುದು. ಬೇಗನೆ ಕಲಿಸುವ ಗ್ರಂಥವು ಬೇಗನೆ ಹರಡಿತು. ದೂರದಿಂದ ಬಂದು ಕಲಿಯುವವರಿಗೂ, ಮಠ ಬಸದಿಗಳಲ್ಲಿ ಬೇರೆ ಶಾಸ್ತ್ರವನ್ನು ಓದುವವರಿಗೂ ಅದು ಊರೆಗೋಲಾಯಿತು. ಬೌದ್ಧರು ಅದನ್ನು ಮಧ್ಯ ಏಷ್ಯದ ಮರುಭೂಮಿಗಳವರೆಗೂ ಒಯ್ದರು. ಅಲ್ಲಿನ ಹಾಳು ವಿಹಾರಗಳಲ್ಲಿ ಅದರ ಹಸ್ತಪ್ರತಿಗಳ ಚೂರುಗಳು ದೊರೆತಿವೆ. ಟಿಬೆಟ್ಟಿನ ಭಾಷೆಗೆ ಅದು ಪರಿವರ್ತನೆಯಾಯಿತು. ಕಾಶ್ಮೀರದಲ್ಲಿ ಅದಕ್ಕೆ ಬಹುಕಾಲ ಮನ್ನಣೆಯಿದ್ದಿತು. ಪೂರ್ವ ವಂಗದೇಶದ ಪಾಠಶಾಲೆಗಳಲ್ಲಿ ೨೦ನೆಯ ಶತಮಾನದವರೆಗೂ ಅದನ್ನು ಓದಿಸುತ್ತಿದ್ದರು. ಕನ್ನಡನಾಡಿನ ಗಡಿಯ ಅಮರಾಪುರದಲ್ಲಿ ನಿಷಿಧಿಯಿರುವ ಜೈನಾಚಾರ್ಯ ಭಾವಸೇನ ತ್ರೈವಿದ್ಯನು ಅದಕ್ಕೆ ಕಾತಂತ್ರರೂಪಮಾಲೆಯನ್ನು ರಚಿಸಿದನು. ಕೇಶಿರಾಜನು ೧೩ನೆಯ ಶತಮಾನದಲ್ಲಿ ಬರೆದ ಶಬ್ದಮಣಿದರ್ಪಣವು ಸಂಧಿಯಿಂದ ಆರಂಭವಾಗಿ ನಾಮ, ಸಮಾಸ, ತದ್ಧಿತ, ಆಖ್ಯಾತಗಳೆಂದು ನಡೆಯುವುದು. ಈ ನಡೆಯು ಪಾಣಿನಿಯದಲ್ಲ, ಕಾತಂತ್ರದ ಕ್ರಮಕ್ಕೆ ಬಹು ಹತ್ತಿರವಾದುದು. ಕನ್ನಡ ವ್ಯಾಕರಣವನ್ನು ಶಾಲೆಯಲ್ಲಿ ಸಂಧಿಯಿಂದ ಮೊದಲುಮಾಡಿದವರೆಲ್ಲರೂ ತಿಳಿಯದೆಯೇ ಆ ದಾರಿಯಲ್ಲಿ ನಾಲ್ಕು ಹೆಜ್ಜೆ ನಡೆದವರು.

ಆದರೆ ಚಿಕ್ಕ ಗ್ರಂಥವು ಚಿಕ್ಕದಾಗಿ ಉಳಿಯಲಿಲ್ಲ. ಶರ್ವವರ್ಮನು ಬಿಟ್ಟಿದ್ದ ಕೃದಂತ ಪ್ರಕರಣವನ್ನು ಬೇರೊಬ್ಬರು ಸೇರಿಸಿದರು. ಅದರಿಂದ ಸೂತ್ರಗಳು ಸುಮಾರು ೧೪೦೦ ಆದುವು. ದುರ್ಗಸಿಂಹನು ವೃತ್ತಿಯನ್ನು ಬರೆದನು, ತ್ರಿಲೋಚನದಾಸನು ಅದಕ್ಕೆ ಪಂಜಿಕೆಯನ್ನು ಬರೆದನು, ಪಂಜಿಕೆಗೂ ಟೀಕೆಗಳು ಹುಟ್ಟಿದುವು. ಆರು ತಿಂಗಳ ವ್ಯಾಕರಣವನ್ನು ಪೂರ್ತಿಯಾಗಿ ತಿಳಿಯಲು ಮತ್ತೆ ವರ್ಷಗಳೇ ಬೇಕಾದುವು. ಇನ್ನೊಂದು ಕಡೆಯಲ್ಲಿ ಇದಕ್ಕೆ ವಿರುದ್ಧವಾದ ಅನರ್ಥವೂ ನಡೆಯಿತು. ಮಾರವಾಡದ ಊರಶಾಲೆಗಳಲ್ಲಿ ಕಾತಂತ್ರದ ಸಂಧಿಸೂತ್ರಗಳನ್ನು ಮಕ್ಕಳಿಂದ ಉರುಹೊಡೆಸುತ್ತಿದ್ದರು. ಕಾಲಕ್ರಮದಲ್ಲಿ ಶಬ್ದಗಳು ಗುರುತು ಸಿಗದಷ್ಟು ಕೆಟ್ಟು, ಅರ್ಥವು ಮಕ್ಕಳಿಗೂ ತಿಳಿಯದೆ ಕಲಿಸುವವರಿಗೂ ತಿಳಿಯದೆ, ಬರಿಯ ಸದ್ದು ಉಳಿಯಿತು. ತಿಳಿಯುವುದಕ್ಕಾಗಿಯೇ ಹುಟ್ಟಿದ ಗ್ರಂಥವು ಗಿಳಿಪಾಠವಾಯಿತು. ದಾರಿ ಎಷ್ಟೇ ಹತ್ತಿರವಾದುದಾಗಲಿ, ನಡೆಯುವವನು ಕಣ್ಣು ಮುಚ್ಚಿಕೊಂಡರೆ ಊರು ಸಿಕ್ಕುವುದಿಲ್ಲ.

ಇಲ್ಲಿಗೆ ಶರ್ವವರ್ಮನ ಪಕ್ಷವು ಮುಗಿಯಿತು. ಸೋತ ಗುಣಾಢ್ಯನ ಗತಿಯೇನಾಯಿತು? ಮೂರು ಭಾಷೆಗಳನ್ನೂ ಬಿಟ್ಟ ಆತನು ಮಾತಿಲ್ಲದವನಾಗಿ ವಿಂಧ್ಯಾಟವಿಯನ್ನು ಹೊಕ್ಕನು. ಅಲ್ಲಿ ಪಿಶಾಚರು ತಮ್ಮತಮ್ಮಲ್ಲಿ ಆಡಿಕೊಳ್ಳುತ್ತಿದ್ದ ಮಾತುಗಳನ್ನು ದೂರದಿಂದ ಕೇಳಿ ಕೇಳಿಯೇ ಅವರ ಭಾಷೆಯನ್ನು ಕಲಿತನು. ಇದನ್ನು ಸೋಮದೇವನು ಗುಣಾಢ್ಯನ ಬಾಯಿಂದಲೇ ಹೇಳಿಸಿರುವನು. ಮೌನದಿಂದ ಬಿಡುಗಡೆಯಾಗಲು ಆ ಭಾಷೆಯೇ ಕಾರಣವಾಯಿತು. ಈ ಒಂದು ಮಾತಿನಲ್ಲಿ ಎಷ್ಟು ವ್ಯಂಗ್ಯವಿದೆಯೆಂಬುದನ್ನು ವಾಚಕರು ಯೋಚಿಸಬೇಕು. ಒಂದು ಭಾಷೆಗೆ ಆರು ವರ್ಷಕ್ಕಿಂತ ಕಡಿಮೆ ಸಾಲದೆಂದು ಹಠ ಹಿಡಿದ ಪಂಡಿತನು ತಾನೇ ಗುರುವಿಲ್ಲದೆ, ಸೂತ್ರವಿಲ್ಲದೆ, ಪುಸ್ತಕವಿಲ್ಲದೆ, ಕಿವಿಯೊಂದನ್ನೇ ನಂಬಿ ಹೊಸ ಭಾಷೆಯನ್ನು ಕಲಿತನು. ಅರಸನ ನಾಚಿಕೆಯು ಮಾಡಿದ ಕೆಲಸವನ್ನೇ ಇಲ್ಲಿ ಗುಣಾಢ್ಯನ ಮೌನವು ಮಾಡಿತು.

ಹಾಗೆ ಕಲಿತ ಭಾಷೆಯಲ್ಲಿ ಆತನು ಏಳು ವರ್ಷ ಕುಳಿತು, ಮಸಿಯಿಲ್ಲದ ಕಾಡಿನಲ್ಲಿ ತನ್ನ ರಕ್ತದಿಂದಲೇ ಏಳು ಲಕ್ಷ ಗ್ರಂಥಪ್ರಮಾಣದ ಬೃಹತ್ಕಥೆಯನ್ನು ಬರೆದನೆಂದು ಕಥೆಯು ಹೇಳುವುದು. ಶಿಷ್ಯರು ಅದನ್ನು ಸಾತವಾಹನನ ಬಳಿಗೆ ಒಯ್ದರು. ಈಗ ಪಂಡಿತನಾಗಿದ್ದ ಅರಸನು, ನೀರಸವಾದ ಪೈಶಾಚಭಾಷೆ, ರಕ್ತದ ಅಕ್ಷರ ಎಂದು ಅದನ್ನು ಧಿಕ್ಕರಿಸಿದನು. ಗುಣಾಢ್ಯನು ಬೆಂಕಿ ಮಾಡಿ, ಒಂದೊಂದು ಎಲೆಯನ್ನೂ ಮೃಗಪಕ್ಷಿಗಳಿಗೆ ಓದಿ ಹೇಳಿ ಉರಿಗೆ ಹಾಕತೊಡಗಿದನು. ಮೃಗಗಳು ಮೇವನ್ನು ಬಿಟ್ಟು ಕಣ್ಣೀರಿಡುತ್ತ ಕೇಳಿದುವು. ವಿಷಯ ತಿಳಿದು ಅರಸನು ಓಡಿಬರುವ ವೇಳೆಗೆ ಆರು ಲಕ್ಷವು ಸುಟ್ಟುಹೋಗಿ ಒಂದು ಲಕ್ಷವು ಉಳಿದಿತ್ತು.

ಆರು ತಿಂಗಳ ಪಾಂಡಿತ್ಯದ ದೋಷವನ್ನು ಕಥೆಗಾರನು ಇಲ್ಲಿ ಮೆಲ್ಲನೆ ತೋರಿಸಿರುವನು. ಸಂಧಿ ತಿಳಿಯಲಿಲ್ಲವೆಂದು ನಗೆಗೀಡಾದವನೇ ಇನ್ನೊಬ್ಬನ ಭಾಷೆಯನ್ನು ಹಳಿದನು. ಶಬ್ದದ ಸಾಧುತ್ವ ಅಸಾಧುತ್ವಗಳನ್ನು ತೂಗುವುದು ಆತನಿಗೆ ಬಂದಿತು. ಆ ಶಬ್ದದ ಹಿಂದಿರುವ ಕಥೆಯನ್ನು ಕೇಳುವ ತಾಳ್ಮೆ ಬರಲಿಲ್ಲ. ಅದು ಆರು ತಿಂಗಳ ಪಾಠದಲ್ಲಿ ಬರತಕ್ಕದ್ದಲ್ಲ. ಬೃಹತ್ಕಥೆಯ ಮೂಲವು ಇಂದು ದೊರೆಯುವುದಿಲ್ಲ. ಆದರೂ ಕನ್ನಡನಾಡು ಅದನ್ನು ಮರೆಯಲಿಲ್ಲ. ಗಂಗರಾಜ ದುರ್ವಿನೀತನು ವಡ್ಡಕಥೆಯನ್ನು ದೇವಭಾಷೆಯಲ್ಲಿ ರಚಿಸಿದನೆಂದು ಗುಮ್ಮರೆಡ್ಡಿಪುರದ ತಾಮ್ರಶಾಸನವು ತಿಳಿಸುವುದು; ಅದೇ ಶಾಸನವು ಆತನನ್ನು ಶಬ್ದಾವತಾರವೆಂಬ ವ್ಯಾಕರಣಗ್ರಂಥದ ಕರ್ತೃವೆಂದೂ ಹೊಗಳುವುದು. ವ್ಯಾಕರಣವೂ ಕಥೆಯೂ ಒಬ್ಬ ಅರಸನಲ್ಲಿ ಕೂಡಿಕೊಂಡು ಬಾಳಿದುವು. ೧೧ನೆಯ ಶತಮಾನದಲ್ಲಿ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಕನ್ನಡ ಕವಿ ದುರ್ಗಸಿಂಹನು, ತನ್ನ ಪಂಚತಂತ್ರದ ಕಥೆಗಳನ್ನು ವಸುಭಾಗಭಟ್ಟನು ಗುಣಾಢ್ಯನ ಕೃತಿಯಿಂದಲೇ ಆಯ್ದನೆಂದು ಹೇಳಿರುವನು.

ಹಾಗಾದರೆ ಪಣದಲ್ಲಿ ಗೆದ್ದವರು ಯಾರು? ಪತಂಜಲಿಯು ಮಹಾಭಾಷ್ಯದ ಆದಿಯಲ್ಲಿ ಒಂದು ಹಳೆಯ ಐತಿಹ್ಯವನ್ನು ಹೇಳಿರುವನು. ಬೃಹಸ್ಪತಿಯು ಇಂದ್ರನಿಗೆ ಶಬ್ದಗಳನ್ನು ಒಂದೊಂದಾಗಿ ಸಾವಿರ ದಿವ್ಯವರ್ಷಗಳ ಕಾಲ ಪಾಠ ಹೇಳಿದನು. ಆದರೂ ಕೊನೆಯನ್ನು ಕಾಣಲಿಲ್ಲ. ಇಂತಹ ಗುರು, ಇಂತಹ ಶಿಷ್ಯ, ಇಷ್ಟು ಆಯುಸ್ಸು ಇದ್ದರೂ ಮುಗಿಯದುದು ಮನುಷ್ಯರಿಗೆ ಹೇಗೆ ಮುಗಿಯುವುದು? ಆದುದರಿಂದಲೇ ಸೂತ್ರರೂಪವಾದ ಲಕ್ಷಣವು ಬೇಕಾಯಿತು. ವ್ಯಾಕರಣದ ಪ್ರಯೋಜನಗಳಲ್ಲಿ ಲಘುವೆಂಬುದನ್ನೂ ಒಂದಾಗಿ ಆತನು ಎಣಿಸಿರುವನು. ಇದರಂತೆ ನೋಡಿದರೆ ಪಾಣಿನಿಯ ಶಾಸ್ತ್ರವೇ ಒಂದು ಹತ್ತಿರದ ದಾರಿ. ಶರ್ವವರ್ಮನು ಅದನ್ನು ಇನ್ನಷ್ಟು ಹತ್ತಿರ ಮಾಡಿದನು, ಅಷ್ಟೇ. ಪಾಣಿನೀಯರೂ ಕೊನೆಗೆ ಅ ದಾರಿಗೇ ಬಂದರು. ರಾಮಚಂದ್ರನ ಪ್ರಕ್ರಿಯಾಕೌಮುದಿಯೂ, ೧೭ನೆಯ ಶತಮಾನದ ಭಟ್ಟೋಜಿ ದೀಕ್ಷಿತನ ಸಿದ್ಧಾಂತಕೌಮುದಿಯೂ ಸೂತ್ರಗಳನ್ನು ವಿಷಯಕ್ರಮದಿಂದ ಜೋಡಿಸಿದುವು. ವರದರಾಜನ ಲಘುಕೌಮುದಿಯು ಅವುಗಳಲ್ಲಿ ಮೂರರಲ್ಲೊಂದು ಪಾಲನ್ನು ಮಾತ್ರ ಆಯ್ದುಕೊಂಡಿತು. ಇಂದು ಪಾಠಶಾಲೆಯನ್ನು ಹೊಕ್ಕ ಹುಡುಗನು ಮೊದಲು ಹಿಡಿಯುವ ಪುಸ್ತಕವು ಸಾಮಾನ್ಯವಾಗಿ ಅದೇ. ೧೯೮೧ರಲ್ಲಿ ಬೆಂಗಳೂರಿನಲ್ಲಿ ಮೊದಲಾದ ಹತ್ತು ದಿನಗಳ ಸಂಸ್ಕೃತ ಸಂಭಾಷಣ ಶಿಬಿರಗಳು ಆರು ತಿಂಗಳನ್ನೂ ಹತ್ತು ದಿನಕ್ಕೆ ಇಳಿಸಿದುವು. ಅಲ್ಲಿ ಬಾಯಿಬಿಟ್ಟ ಗೃಹಸ್ಥರು, ಗೃಹಿಣಿಯರು, ಅಂಗಡಿಯವರು ಕಲಾಪದ ವ್ಯಾಖ್ಯಾನಕಾರನು ಕೊಟ್ಟ ಪಟ್ಟಿಗೇ ಸೇರಿದವರು.

ಬೇಗನೆ ಕಲಿಸುವವನನ್ನು ಹಗುರವಾಗಿ ಕಾಣುವುದು ಗುಣಾಢ್ಯನ ತಪ್ಪು. ಬೇಗನೆ ಕಲಿತುದನ್ನೇ ಪೂರ್ಣವೆಂದು ನಂಬುವುದು ಸಾತವಾಹನನ ತಪ್ಪು. ಮೊದಲನೆಯ ತಪ್ಪಿನಿಂದ ಒಬ್ಬ ಮಹಾಪಂಡಿತನು ಕಾಡುಪಾಲಾದನು. ಎರಡನೆಯ ತಪ್ಪಿನಿಂದ ಆರು ಲಕ್ಷ ಗ್ರಂಥವು ಬೂದಿಯಾಯಿತು. ನಾಚಿಕೊಂಡು ಮಲಗಿದವನನ್ನು ಎಬ್ಬಿಸಿ ಕುಳ್ಳಿರಿಸಲು ಶರ್ವವರ್ಮನಂತಹವನು ಬೇಕು. ಎದ್ದು ಕುಳಿತವನು ಕಾಡಿನಿಂದ ಬಂದ ಕಥೆಯನ್ನು ಹಳಿಯದೆ ಕೇಳುವಂತಾಗಲು ಗುಣಾಢ್ಯನು ಹೇಳಿದಷ್ಟು ವರ್ಷಗಳೂ ಬೇಕು.